ಮುಗಿಸದೆ ಬಿಟ್ಟ ಮೋಟಾರು ಪಂದ್ಯಗಳು

ಚಕ್ರ ಇರುವ ಯಾವುದಕ್ಕೆ ನಾನು ಕೈ ಹಚ್ಚಿದರೂ ಅಲ್ಲೊಂದು ಫಜೀತಿ ನನಗಿಂತ ಮೊದಲೇ ಬಂದು ಕುಂತಿರುತ್ತದೆ. ಆರನೇ ಕ್ಲಾಸಿಗೆ ಸಾಲಿ ಬಿಟ್ಟವನು ನಾನು. ಲಾರಿ ಕ್ಲೀನರ್ ಆದೆ, ಗ್ಯಾರೇಜಿನಲ್ಲಿ ಪಾನಾ ಹಿಡಿದೆ, ಮೂರು ಗಾಲಿಯ ಟಂಟಂ ಓಡಿಸಿದೆ. ಯಾವ ಕೆಲಸದಲ್ಲೂ ಪೂರಾ ಬೇರು ಬಿಡಲಿಲ್ಲ. ಗಂಗಾವತಿಗೆ ಕೊಟ್ಟ ನಮ್ಮಕ್ಕ ಮನೆಗೆ ಬಂದವರೆದುರು ನನ್ನ ಬಗ್ಗೆ ಹೇಳುವ ಮಾತು ಒಂದೇ: "ನಮ್ಮ ತಮ್ಮ ಶುರು ಮಾಡಿ ಮುಗಿಸಿದ್ದು ಅಂದ್ರ ತಾಟಿನಾಗಿನ ಊಟ ಒಂದ."

ಅಷ್ಟಕ್ಕೇ ಬಿಡಲಿಲ್ಲ. ನನಗೆ ಜೀವಕ್ಕಿಂತ ಇಷ್ಟವಾದ ಅವಳ ಕೈ ಹೋಳಿಗೆಗೂ ಬೀಗ ಹಾಕಿದಳು. "ಹಿಡಿದ ಕೆಲಸ ಒಂದಾರ ಮುಗಿಸ್ಕೊಂಡು ಬಾ, ಅವತ್ತ ಮಾಡ್ತೀನಿ. ಅಲ್ಲೀತನಕ ರೊಟ್ಟಿ ತಿನ್ನು." ಈ ಮಾತಿಗೆ ಈಗ ಇಪ್ಪತ್ತು ವರ್ಷ ದಾಟಿದೆ.

೧. ಮಾವನ ಹೊಲದ ದಾರಿ

ತೊಂಬತ್ತೇಳರ ಬೇಸಿಗೆ. ಹೊಸಪೇಟೆಯ ಒಂದು ಗ್ಯಾರೇಜಿನಲ್ಲಿದ್ದೆ. ನಮ್ಮ ಸಾವಕಾರರಿಗೆ ಮೋಟಾರು ಪಂದ್ಯದ ಹುಚ್ಚು. ಮುನಿರಾಬಾದ್ ದಾಟಿ ಕುಷ್ಟಗಿ ಕಡೆಗೆ ಹೋಗಿಬರುವ ಒಂದು ದಿನದ ರ್‍ಯಾಲಿಗೆ ಹೆಸರು ಕೊಟ್ಟಿದ್ದರು. ಬಾಜೂ ಕುಂತು ಕಾಗದ ನೋಡಿ ದಾರಿ ಹೇಳುವವನು ಹಿಂದಿನ ಸಂಜೆ ಮಿರ್ಚಿ ತಿಂದು ಹೊಟ್ಟೆ ಹಿಡಕೊಂಡು ಮಲಗಿಬಿಟ್ಟ.

"ಈ ಭಾಗದ ದಾರಿ ನಿನಗ ಗೊತ್ತೇನೋ?" ಅಂದರು ಸಾವಕಾರರು.

"ಕಣ್ಣು ಕಟ್ಟಿ ಬಿಡ್ರಿ, ಹೋಗ್ತೀನಿ."

ಕೈಯಲ್ಲಿ ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ಓದಲಿಕ್ಕೆ ಬರುವುದಿಲ್ಲ ಅಂತ ಹೇಳಲು ನಾಚಿಕೆ. ಮಡಚಿ ತೊಡೆ ಕೆಳಗೆ ಇಟ್ಟುಕೊಂಡೆ. "ಬೇವಿನಗಿಡ ಬರ್ತದ್ರೀ, ಅಲ್ಲಿ ಎಡಕ್ಕ. ಮುಂದ ಹಿಟ್ಟಿನ ಗಿರಣಿ, ನಾಯಿ ಅದಾವ, ಸಾವಕಾಶ." ಹಿಟ್ನಾಳ ಹತ್ತಿರ ನಮ್ಮ ಸೋದರಮಾವನ ಹೊಲದೊಳಗಿಂದ ಒಂದು ಬಂಡಿಜಾಡು ಹೋಗುತ್ತದೆ. ಅದರಲ್ಲಿ ಹೊಡೆಸಿದೆ. ಮಾವ ಕಂಡ. ಗಾಡಿ ನಿಲ್ಲಿಸಿ ಮಜ್ಜಿಗೆ ಕುಡಿದೆವು. ಆದರೂ ಗುರಿ ಮುಟ್ಟಿದಾಗ ಅಲ್ಲಿ ಮತ್ತೊಂದು ಗಾಡಿ ಇರಲಿಲ್ಲ. ಟೇಬಲ್ ಹಾಕುವವರು ಇನ್ನೂ ಟೇಬಲ್ ಹುಡುಕುತ್ತಿದ್ದರು.

"ಗೆದ್ದೆವ್ರೀ," ಅಂದೆ. ಸಾವಕಾರರು ನನ್ನ ಬೆನ್ನು ಚಪ್ಪರಿಸಿದರು.

ಗಡಿಯಾರ ಹಿಡಿದವನು ಬಂದು ನಮ್ಮನ್ನು ಪಂದ್ಯದಿಂದಲೇ ತೆಗೆದುಹಾಕಿದ. ಆ ಪಂದ್ಯದಲ್ಲಿ ಹೇಳಿದ ದಾರಿಯಲ್ಲಿ, ಹೇಳಿದ ಹೊತ್ತಿಗೇ ಮುಟ್ಟಬೇಕಂತೆ. ತಡವಾದರೂ ತಪ್ಪು, ಮುಂಚೆ ಬಂದರೂ ತಪ್ಪು. ನಡುವೆ ಸಹಿ ಹಾಕಿಸಬೇಕಾದ ಮೂರು ಚೆಕ್‌ಪೋಸ್ಟುಗಳನ್ನು ನಾವು ಕಣ್ಣಿನಿಂದಲೂ ನೋಡಿರಲಿಲ್ಲ.

ಅಕ್ಕನಿಗೆ ಸುದ್ದಿ ಮುಟ್ಟಿತು. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಸಾಲಿಗೆ ತಡಾ ಮಾಡಿ ಹೋಗಿ ಹೊರಗ ಹಾಕಿಸ್ಕೊಂಡಿ. ಇಲ್ಲಿ ಲಗೂ ಹೋಗಿ ಹಾಕಿಸ್ಕೊಂಡಿ. ನೀ ಯಾವ ಹೊತ್ತಿಗೆ ಹೋಗ್ಬೇಕಂತ ಹುಟ್ಟೀಯೋ ತಮ್ಮಾ?"

೨. ಹಳದಿ ನೀರು

ಸಾವಕಾರರದು ದೊಡ್ಡ ಮನಸ್ಸು. ಎರಡು ವರ್ಷ ಬಿಟ್ಟು ಮತ್ತೆ ಕರೆದುಕೊಂಡು ಹೋದರು. ಈ ಸಲ ತಮಿಳುನಾಡಿನ ಕಡೆ, ಗುಂಡಗೆ ಸುತ್ತುವ ಡಾಂಬರು ರಸ್ತೆಯ ಮೇಲೆ ನಾಲ್ಕು ತಾಸಿನ ಪಂದ್ಯ. ಒಂದೇ ಗಾಡಿ, ಇಬ್ಬರು ಡ್ರೈವರು. ತಾಸಿಗೊಮ್ಮೆ ಒಳಗೆ ಬಂದು ಎಣ್ಣೆ ಹಾಕಿಸಿಕೊಂಡು ಹೋಗಬೇಕು. "ನೀ ಗಾಜು ಒರಸೋದು, ಅಷ್ಟ. ಬಾಯಿ ಬಿಡಬ್ಯಾಡ," ಅಂದರು.

ಅವತ್ತು ಅಮಾವಾಸ್ಯೆ. ಅದು ಯಾರಿಗೂ ನೆನಪಿರಲಿಲ್ಲ, ನನಗಿತ್ತು. ನಮ್ಮ ಕಡೆ ಅಮಾವಾಸ್ಯೆ ದಿನ ಗಾಲಿ ಕೆಳಗೆ ನಿಂಬೆಹಣ್ಣು ಇಡದೆ ಸೈಕಲ್ ಕೂಡ ಹೊರಗೆ ತೆಗೆಯುವುದಿಲ್ಲ. ಬೆಳಿಗ್ಗೆಯೇ ಹೋಗಿ ಒಂದು ಚೀಲ ನಿಂಬೆಹಣ್ಣು ತಂದಿದ್ದೆ. ಹೊರಡುವಾಗ ನಾಲ್ಕು ಇಟ್ಟೆ. ಗಾಡಿ ಹಾರಿಕೊಂಡು ಹೋಯಿತು. ಇದರದೇ ಪ್ರತಾಪ ಅಂತ ತಿಳಿದು, ಒಳಗೆ ಬಂದಾಗಲೊಮ್ಮೆ ಗಾಜು ಒರೆಸುವುದು, ಬಗ್ಗುವುದು, ನಾಲ್ಕು ಇಡುವುದು. ಮೂರನೇ ತಾಸಿಗೆ ನಮ್ಮ ಗಾಡಿ ಎರಡನೆಯದಿತ್ತು.

ಆಗ ಪಂದ್ಯದ ತಪಾಸಣೆಯವರು ಇಬ್ಬರು ಓಡಿಬಂದು ಗಾಡಿ ತಡೆದರು. ನೆಲದ ಮೇಲೆ ಹಳದಿ ನೀರು ಚೆಲ್ಲಿದೆ, ಎಂಜಿನ್ ಸೋರುತ್ತಿದೆ, ಹೊರಗೆ ಬಿಡುವಂತಿಲ್ಲ ಅಂದರು. ಅವರು ಬಾನೆಟ್ ತೆಗೆದು ಒಂದೊಂದೇ ಪೈಪು ಹಿಂಡಿ ನೋಡಿದರು. ಮುಕ್ಕಾಲು ತಾಸಿನ ಮೇಲೇ ಹೋಯಿತು. ಕಡೆಗೆ ಅವರಲ್ಲಿ ಹಿರಿಯವನು ಕೆಳಗೆ ಬಗ್ಗಿ, ನೀರು ಬೆರಳಿಗೆ ಹಚ್ಚಿ ಮೂಸಿ, ಸಂಶಯ ಬಂದು ನಾಲಿಗೆಗೂ ಹಚ್ಚಿದ. ಮುಖ ಕಿವುಚಿ ನಮ್ಮೆಲ್ಲರನ್ನೂ ನೋಡಿದ. ನಾನು ಚೀಲ ಬೆನ್ನ ಹಿಂದೆ ಇಟ್ಟುಕೊಂಡೆ.

ಉಳಿದವರು ಪಂದ್ಯ ಮುಗಿಸುವ ಹೊತ್ತಿಗೆ ನಮ್ಮ ಗಾಡಿಯ ಬಾನೆಟ್ ಇನ್ನೂ ಬಾಯಿ ತೆರೆದೇ ಇತ್ತು. ಸಾವಕಾರರು ಬೈಯಲಿಲ್ಲ. ಮೆತ್ತಗೆ ಕೇಳಿದರು, "ಹಣ್ಣು ಇನ್ನೂ ಎಷ್ಟ ಉಳದಾವ?"

"ಎರಡ ಅದಾವ್ರೀ."

"ಒಂದು ನಿನ್ನ ತಲಿಗೆ ತಿಕ್ಕೊ. ಇನ್ನೊಂದು ನಿನ್ನ ಕರಕೊಂಡು ಬಂದೇನಲ್ಲ, ನನ್ನ ತಲಿಗೆ ತಿಕ್ಕು. ಇಬ್ಬರ ಹುಚ್ಚೂ ಬಿಡಲಿ."

೩. ಕೈ ಮಾಡಿದರೆ

ಆ ಮೇಲೆ ಬಹಳ ವರ್ಷ ಗಂಗಾವತಿ–ಮರಳಿ ನಡುವೆ ಟಂಟಂ ಓಡಿಸಿದೆ. ಕೆಲಸ ಬಿಡುವುದು, ಸುಮ್ಮನೆ ತಿರುಗುವುದು, ಮತ್ತೆ ಅದನ್ನೇ ಹಿಡಿಯುವುದು. ಆ ಧಂದೆಯಲ್ಲಿ ಇರುವ ಕಾನೂನು ಒಂದೇ: ದಾರಿಯಲ್ಲಿ ಯಾರೇ ಕೈ ಮಾಡಲಿ, ನಿಲ್ಲಿಸಬೇಕು. ಒಳಗೆ ಜಾಗ ಇದೆಯೋ ಇಲ್ಲವೋ ಎಂಬುದು ನಿಂತ ಮೇಲಿನ ಮಾತು. ಹಿಂದೆ ತಿರುಗಿ "ಸ್ವಲ್ಪ ಸರಕೊಳ್ರೀ" ಅಂದರೆ ಎಲ್ಲಿಂದಲೋ ಜಾಗ ಹುಟ್ಟುತ್ತದೆ. ವರ್ಷಾನುಗಟ್ಟಲೆ ಹೀಗೆ ಮಾಡಿ, ಎತ್ತಿದ ಕೈ ಕಂಡರೆ ನನ್ನ ಕಾಲು ನನ್ನನ್ನು ಕೇಳದೆ ಬ್ರೇಕ್ ತುಳಿಯುವಂತಾಯಿತು.

ಒಂದು ದಿನ ಭತ್ತದ ಗದ್ದೆಯ ಬದುವಿನ ಮೇಲೆ ಒಬ್ಬ ಹಿರಿಯ ಎರಡೂ ಕೈ ಎತ್ತಿ ಬೀಸುತ್ತಿದ್ದ. ನಿಲ್ಲಿಸಿದೆ. ಬರಲಿಲ್ಲ. ಹಾರ್ನ್ ಹೊಡೆದೆ. ಆಗ ತಿರುಗಿದ.

"ನಾ ಗುಬ್ಬಿ ಓಡಿಸಾಕತ್ತೇನಿ. ನೀ ಯಾಕ ನಿಂತೀಯಪಾ?"

"ಕೈ ಮಾಡಿದ್ರೆಲ್ರೀ, ಅದಕ್ಕ."

ಹಿರಿಯ ಗಾಡಿ ನೋಡಿದ, ಗುಬ್ಬಿ ನೋಡಿದ, ಹೆಗಲ ಮೇಲಿನ ಟವೆಲ್ ಝಾಡಿಸಿದ. "ನಿಂತ ಬಿಟ್ಟೀಯಲ್ಲ, ನಡಿ. ಗಂಗಾವತಿಗೆ ಮುಂದಿನ ವಾರ ಹೋಗಬೇಕಂತ ಮಾಡಿದ್ದೆ, ಇವತ್ತ ಹೋಗಿಬರ್ತೀನಿ."

೪. ಕೊಯ್ಲು

ಇತ್ತೀಚಿನ ಮಾತು. ಗಂಗಾವತಿಯಲ್ಲಿ ಝೆರಾಕ್ಸ್ ಅಂಗಡಿಯ ನನ್ನ ಗೆಳೆಯ ಒಳಗಿನ ಕೋಣೆಯಲ್ಲಿ ಕಂಪ್ಯೂಟರ್, ದೊಡ್ಡ ಪರದೆ, ಸ್ಟೇರಿಂಗ್, ಕಾಲಡಿ ಪೆಡಲ್ ಹಾಕಿ ಕಾರಿನ ಪಂದ್ಯದ ಆಟ ಶುರು ಮಾಡಿದ. ಅದೂ ಖರೇ ಗಾಡಿಯ ಹಾಗೆ. ಟೈರು ಸವೆಯುತ್ತದೆ, ಎಣ್ಣೆ ಮುಗಿಯುತ್ತದೆ. ಇಂಟರ್ನೆಟ್ ಮೇಲೆ ಯಾವ್ಯಾವ ಊರಿನವರೋ ಕೂಡಿ ಆಡುವ ಆರು ತಾಸಿನ ಪಂದ್ಯ ಬಂತು. ತಂಡಕ್ಕೆ ಮೂವರು ಬೇಕು. ಅಂಗಡಿಯವ, ನಾನು, ಮತ್ತು ಮರಳಿ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ ಭತ್ತ ಕೊಯ್ಯುವ ಮಷಿನ್ ಓಡಿಸುವ ಒಬ್ಬ ತೆಲುಗು ಮನಿಷ್ಯಾ. ದಿನಕ್ಕೆ ಹದಿನಾಲ್ಕು ತಾಸು ಸ್ಟೇರಿಂಗ್ ಹಿಡಿದರೂ ದಣಿಯದವನು ಅಂತ ಅವನನ್ನು ಹಿಡಿದು ತಂದೆವು. ಕರೆಂಟ್ ಹೋದರೆ ಇರಲಿ ಅಂತ ಇನ್ವರ್ಟರಿಗೆ ಅವನೇ ಟ್ರ್ಯಾಕ್ಟರ್ ಬ್ಯಾಟರಿ ತಂದ.

ನಾನು ಅಕ್ಕನಿಗೆ ಹೇಳಿಬಂದಿದ್ದೆ: "ಇವತ್ತ ಮುಗಿಸ್ತೀನಿ. ಹೋಳಿಗಿಗೆ ಬ್ಯಾಳಿ ಕುದಿಯಾಕ ಇಡು."

"ನೋಡೇ ಇಡ್ತೀನಿ," ಅಂದು ಬುತ್ತಿ ಕಟ್ಟಿಕೊಂಡು ತಾನೇ ಅಂಗಡಿಗೆ ಬಂದಳು.

ಮೊದಲೆರಡು ತಾಸು ಅಂಗಡಿಯವ ಓಡಿಸಿ ನಮ್ಮನ್ನು ಆರನೆಯ ಜಾಗಕ್ಕೆ ತಂದ. ಆಮೇಲೆ ಮಷಿನ್‌ದವ ಕೂತ. ಎಲ್ಲೂ ಬಡಿಯಲಿಲ್ಲ, ಹೊರಗೆ ಹೋಗಲಿಲ್ಲ. ಆದರೆ ಜಾಗ ಮಾತ್ರ ಏಳು, ಎಂಟು, ಒಂಬತ್ತು ಅಂತ ಇಳಿಯುತ್ತಾ ಹೋಯಿತು. ಅರ್ಧ ತಾಸು ನೋಡಿದ ಮೇಲೆ ಅಂಗಡಿಯವನಿಗೆ ಹೊಳೆಯಿತು. ಇವನು ಮೊದಲ ಸುತ್ತು ರಸ್ತೆಯ ಹೊರ ಅಂಚು ಹಿಡಿದು ಹೋಗಿದ್ದ. ಎರಡನೆಯದು ಅದಕ್ಕೆ ಹತ್ತಿ ಒಂದು ಗಾಡಿ ಅಗಲ ಒಳಗೆ. ಮೂರನೆಯದು ಇನ್ನೊಂದಿಷ್ಟು ಒಳಗೆ. ಒಳ ಅಂಚು ಮುಟ್ಟಿದ ಮೇಲೆ ಮತ್ತೆ ಹೊರಗಿನಿಂದ ಶುರು.

"ಅಣ್ಣಾ, ಹತ್ತಿರದ ದಾರಿ ಹಿಡಿ, ಅಡ್ಡ ಕೊಯ್ದು ಹೋಗು," ಅಂದ ಅಂಗಡಿಯವ.

ಅವನು ಕಣ್ಣು ಕದಲಿಸದೆ ತನ್ನ ತೆಲುಗು ಬೆರೆಸಿ ಅಂದ, "ಅಡ್ಡ ಹೋದ್ರ ನಡುವ ಉಳಿತೈತಿ ಕದಂಡಿ. ಹೊಲದಾರು ಬೈತಾರ."

೫. ಗೆರೆ

ಕಡೆಯ ಎರಡು ತಾಸು ನನ್ನದು. ಹನ್ನೆರಡನೆಯ ಜಾಗದಿಂದ ಶುರು ಮಾಡಿದೆ. ಕುರ್ಚಿಗೆ ಗಾಲಿ ಇತ್ತು. ಬ್ರೇಕ್ ಒತ್ತಿದಾಗಲೆಲ್ಲ ನಾನು ಹಿಂದಕ್ಕೆ ಬಾಗಿಲ ಕಡೆ ಹೋಗುತ್ತಿದ್ದೆ. ಅಂಗಡಿಯವ ಮನೆಗೆಂದು ತಂದಿಟ್ಟಿದ್ದ ಅಕ್ಕಿ ಚೀಲ ಹಿಂದೆ ಆನಿಸಿದರು, ಅದೂ ಜಾರಿತು. ಕಡೆಗೆ ಅಕ್ಕ ಎದ್ದು ಬಂದು ಚೀಲದ ಮೇಲೆ ಕೂತಳು. ಆ ಮೇಲೆ ಕುರ್ಚಿ ಅಲುಗಾಡಲಿಲ್ಲ.

ಅವಳು ಮೊದಲು ಸುಮ್ಮನೆ ನೋಡುತ್ತಿದ್ದಳು. ಆಮೇಲೆ "ಎಡಕ್ಕ ಒಬ್ಬ ಬಂದ ನೋಡು" ಅಂದಳು. ಕಡೇ ಅರ್ಧ ತಾಸಿಗೆ "ಹೋಗು ತಮ್ಮಾ, ಹೋಗು" ಅಂತ ನನ್ನ ಕುರ್ಚಿಯನ್ನೇ ನೂಕತೊಡಗಿದಳು. ನಡುವೆ ಕರೆಂಟ್ ಹೋಯಿತು, ಬ್ಯಾಟರಿ ಕೈ ಹಿಡಿಯಿತು. ಹತ್ತು, ಎಂಟು, ಆರು. ಕೊನೆಯ ಸುತ್ತಿಗೆ ನಾಲ್ಕನೆಯ ಜಾಗ. ಕೊನೆಯ ತಿರುವು ದಾಟಿದೆ. ಎದುರಿಗೆ ನೆಟ್ಟಗಿನ ರಸ್ತೆ, ಅಲ್ಲೇ ಗೆರೆ.

ಗೆರೆಯ ಬಾಜೂ ಒಬ್ಬ ಮನಿಷ್ಯಾ ನಿಂತಿದ್ದ. ಅಷ್ಟು ಸುತ್ತು ಹೊಡೆದಿದ್ದೆವು, ಅವನನ್ನು ಒಮ್ಮೆಯೂ ಕಂಡಿರಲಿಲ್ಲ. ಅವನು ಪಂದ್ಯ ಮುಗಿಯುವಾಗ ಮಾತ್ರ ಬಾವುಟ ಹಿಡಿದು ಬರುವವನಂತೆ. ನಾನು ಜೀವಮಾನದಲ್ಲಿ ಒಂದು ಪಂದ್ಯವನ್ನೂ ಮುಗಿಸಿದವನಲ್ಲ, ನನಗೆ ಹೇಗೆ ಗೊತ್ತಿರಬೇಕು? ಅವನು ನನ್ನನ್ನು ನೋಡಿದ. ಕೈ ಎತ್ತಿ ಜೋರಾಗಿ ಬೀಸಿದ.

ನನ್ನ ಕಾಲು ಬ್ರೇಕ್ ತುಳಿಯಿತು.

ಗಾಡಿ ಗೆರೆಯ ಈಚೆ ಒಂದು ಮಾರು ದೂರದಲ್ಲಿ, ಅವನ ಪಕ್ಕಕ್ಕೆ ಬಂದು ನಿಂತಿತು. ನಾನು ಪರದೆಯ ಕಡೆ ಬಾಗಿ "ಎಲ್ಲಿಗ್ರೀ?" ಅಂದೆ. ಹಿಂದೆ ತಿರುಗಿ ಮಷಿನ್‌ದವನಿಗೆ "ಸ್ವಲ್ಪ ಸರಕೊಳ್ರೀ" ಅಂತಲೂ ಅಂದೆನಂತೆ. ಅವನು ಸರಿದನಂತೆ ಕೂಡ.

ಬಾಜೂದಿಂದ ಒಂದು ಗಾಡಿ ಹೋಯಿತು. ಇನ್ನೊಂದು ಹೋಯಿತು, ಮತ್ತೊಂದೂ ಹೋಯಿತು. ಅಂಗಡಿಯವ ತಲೆ ಹಿಡಕೊಂಡು ನೆಲಕ್ಕೆ ಕೂತ. "ಬಿಡೋ ಮಾರಾಯಾ ಗಾಡಿ, ಬಿಡೋ, ಅವ ಎಲ್ಲಿಗೂ ಬರಂಗಿಲ್ಲ."

ಆಗ ಎಚ್ಚರಾಯಿತು. ಗೇರು ಹಾಕಿ ಬಿಟ್ಟೆ. ಗೆರೆ ದಾಟಿದೆ. ಏಳನೆಯ ಜಾಗ.

ನಾನು ಮೆಲ್ಲಗೆ ತಿರುಗಿ ಅಕ್ಕನ ಮುಖ ನೋಡಿದೆ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಅಕ್ಕಿ ಚೀಲದ ಮೇಲಿಂದ ಎದ್ದಳು.

"ಮುಗಿಸಿದಿ ತಮ್ಮಾ. ನಡಿ ಮನಿಗೆ, ಬ್ಯಾಳಿ ಇಡ್ತೀನಿ."

ಬಾಗಿಲ ತನಕ ಹೋದವಳು ನಿಂತು, ಪರದೆಯ ಮೇಲೆ ಇನ್ನೂ ಬಾವುಟ ಬೀಸುತ್ತಿದ್ದವನನ್ನು ಹೊರಳಿ ನೋಡಿದಳು.

"ಆದ್ರ ಪಾಪ, ಅವ ಬಿಸಲಾಗ ನಿಂತು ಅಷ್ಟು ಕೈ ಮಾಡಿದ. ಬಾಜೂ ಸೀಟು ಖಾಲಿ ಇತ್ತು. ಹತ್ತಿಸ್ಕೊಂಡ ಬರಬಾರದಿತ್ತೇನೋ?"