ಕಣ್ಣಿಗೆ ಕಾಣದ ಕೆಲಸ

ಮದ್ರಾಸಿನಲ್ಲಿ ಸೂಕ್ಷ್ಮಾಣುಶಾಸ್ತ್ರ ಓದಿ, ಅರವತ್ತರ ದಶಕದ ಕೊನೆಗೆ ಊರಿಗೆ ಮರಳಿದವನು ನಾನು. ಡಾಕ್ಟರೂ ಅಲ್ಲ, ಕಂಪೌಂಡರೂ ಅಲ್ಲ, ಮತ್ತೆಂತ ಎಂದು ಮಂಗಳೂರಿನವರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಈಗಲೂ ವಾರಕ್ಕೊಬ್ಬರು ಕೇಳುವವರು ಸಿಗುತ್ತಾರೆ.

೧. ಸಿಗಡಿ ಧಣಿ

ಮೊದಲ ಕೆಲಸ, ಸಿಗಡಿಯನ್ನು ಮಂಜುಗಟ್ಟಿಸಿ ವಿದೇಶಕ್ಕೆ ಕಳಿಸುವ ಕಾರ್ಖಾನೆಯಲ್ಲಿ. ಹೊರದೇಶದ ಗಿರಾಕಿಗಳು ಪರೀಕ್ಷೆಯ ಕಾಗದ ಕೇಳುತ್ತಿದ್ದರೆಂದೇ ಧಣಿ ನನ್ನನ್ನು ಇಟ್ಟುಕೊಂಡದ್ದು. ಸಿಗಡಿಯ ನೀರನ್ನು ಗಾಜಿನ ತಟ್ಟೆಗೆ ಹಾಕಿ ಎರಡು ದಿನ ಬೆಚ್ಚಗಿಟ್ಟೆ. ತಟ್ಟೆ ತುಂಬ ರೋಗಾಣುಗಳ ಚುಕ್ಕೆ ಎದ್ದವು.

"ಇದೆಲ್ಲ ಎಲ್ಲಿಂದ ಬಂತು?" ಎಂದರು ಧಣಿ.

"ನಮ್ಮ ಸಿಗಡಿಯಿಂದ."

"ಎಂತ ಹೇಳ್ತೀರಿ ಮಾರಾಯ್ರೆ! ನೀವು ಬರುವ ಮೊದಲು ಒಂದೂ ಇರಲಿಲ್ಲ!"

೨. ಹೆಣ್ಣು ನೋಡಲು

ಉರ್ವದಲ್ಲಿ ಒಂದು ಸಂಬಂಧ ಬಂತು. ಹುಡುಗಿ ನರ್ಸು. ನೋಡಿದ ಕೂಡಲೇ ನನಗೆ ಇಷ್ಟವಾದಳು. ಅವಳ ಅಪ್ಪ ನಿವೃತ್ತ ಹೆಡ್‌ಮಾಸ್ಟರು.

"ಎಂತ ಕೆಲಸ ನಿಮ್ಮದು?"

"ರೋಗಾಣು ಬೆಳೆಸಿ ಎಣಿಸ್ತೇನೆ."

"ಎಣಿಸಿದ ಮೇಲೆ?"

"ಬೇಯಿಸಿ ಕೊಲ್ತೇನೆ."

"ಕೊಲ್ಲುವುದಾದರೆ ಬೆಳೆಸುವುದೆಂತಕ್ಕೆ?"

ಮದ್ರಾಸಿನ ಪರೀಕ್ಷೆಯಲ್ಲಿ ಇಂಥ ಕಷ್ಟದ ಪ್ರಶ್ನೆ ಬಂದಿರಲಿಲ್ಲ. ನಾನು ಚಹಾ ಕುಡಿದೆ. ಮೆಟ್ಟಿಲಿಳಿಯುವಾಗ ಮಾಸ್ಟರು ಪ್ರೀತಿಯಿಂದಲೇ ಹೇಳಿದರು: "ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದರೆ ತಿಳಿಸಿ."

೩. ಕ್ರಿಸ್ಮಸ್ಸಿನ ಸನ್ನ

ಹುಡುಗಿ ಹಠ ಹಿಡಿದದ್ದರಿಂದ ಕ್ರಿಸ್ಮಸ್ ಊಟಕ್ಕೆ ಕರೆ ಬಂತು. ಈ ಸಲ ಮಾಸ್ಟರನ್ನು ಒಪ್ಪಿಸದಿದ್ದರೆ ಕಥೆ ಮುಗಿದಂತೆ. ಹಿಂದಿನ ದಿನವೇ ಕೇಕು ಹಿಡಿದು ಹೋದೆ. ಹುಡುಗಿ ಡ್ಯೂಟಿಯಲ್ಲಿದ್ದಳು. ಅವಳ ಅಮ್ಮ ಸನ್ನದ, ಅಂದರೆ ನಮ್ಮ ಕಡೆಯ ಇಡ್ಲಿಯ, ಹಿಟ್ಟಿಗೆಂದು ಶೇಂದಿ ತರಿಸಿದ್ದರು. ಪಾನನಿರೋಧ ಹೋದ ಮೇಲಿನ ಮೊದಲ ಕ್ರಿಸ್ಮಸ್ ಅದು. ಎಷ್ಟೋ ವರ್ಷಗಳ ನಂತರ ಹೆದರದೆ ತಂದ ಶೇಂದಿ. ಗಡಿಗೆಯಲ್ಲಿ ನೊರೆ ಏಳುತ್ತಿತ್ತು.

ನನ್ನ ವಿದ್ಯೆ ಸುಮ್ಮನಿರಲಿಲ್ಲ. "ಅಮ್ಮಾ, ಇದರಲ್ಲಿ ಕೋಟಿಗಟ್ಟಲೆ ರೋಗಾಣು ಉಂಟು. ಚೆನ್ನಾಗಿ ಕುದಿಸಿ, ಆರಿಸಿ ಹಾಕಿ."

ಕಲಿತವನ ಮಾತೆಂದು ಪಾಪ, ಅವರು ಹಾಗೆಯೇ ಮಾಡಿದರು.

ಮರುದಿನ ಹಂದಿಮಾಂಸದ ಸಾರಿನ ಪಕ್ಕ ಸನ್ನ ಬಂತು. ಹತ್ತಿಯಂತೆ ಉಬ್ಬಬೇಕಾದದ್ದು ಚಪ್ಪಟೆಯಾಗಿ ಬಿದ್ದಿತ್ತು. ಹುಡುಗಿ ನನ್ನನ್ನೇ ನೋಡಿದಳು. ಮಾಸ್ಟರು ಒಂದು ಸನ್ನ ಎತ್ತಿ ಬಟ್ಟಲಿಗೆ ಬಡಿದರು. ಟಣ್ ಎಂದಿತು.

"ಇದು ಯಾಕೆ ಉಬ್ಬಲಿಲ್ಲ?"

ಸುಳ್ಳು ಹೇಳುವ ಧೈರ್ಯ ಬರಲಿಲ್ಲ. "ಉಬ್ಬಿಸುವ ಸೂಕ್ಷ್ಮಾಣುಗಳು ಶೇಂದಿಯಲ್ಲೇ ಇರ್ತವೆ. ನಾನು ಕುದಿಸ್ಲಿಕ್ಕೆ ಹೇಳಿದೆ. ಎಲ್ಲ ಸತ್ತವು."

"ಅಂದರೆ ಕಣ್ಣಿಗೆ ಕಾಣದ್ದು ನಿಜವಾಗಿ ಉಂಟು?"

"ಉಂಟು."

"ನೀನು ಹೇಳಿದ ಹಾಗೆ ಕುದಿಸಿದರೆ ಒಂದೂ ಉಳಿಯುವುದಿಲ್ಲ?"

"ಇಲ್ಲ."

ಮಾಸ್ಟರು ಸನ್ನವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಹುಡುಗನಿಗೆ ಕೆಲಸ ಗೊತ್ತುಂಟು. ಮದುವೆಗೆ ದಿನ ನೋಡುವ. ಆ ದಿನ ಮಾತ್ರ ಇವನನ್ನು ಅಡುಗೆಮನೆ ಹತ್ತಿರ ಬಿಡಬೇಡ!"