ಮೂರು ಸಲ ಅರ್ಥ ಮಾಡಿಕೊಂಡ ಯಜಮಾನರು

ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುವುದು ತಮಗೆ ಎಡಗೈ ಕೆಲಸ ಎಂದು ಯಜಮಾನರು ಶನಿವಾರ ಬೆಳಿಗ್ಗೆಯೇ ಘೋಷಿಸಿಬಿಟ್ಟರು. ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕ ಜೋಡಿಸಿದ ಕೈ ಅದು! ಹೆಂಡತಿಗೆ ಮಾತ್ರ ಚಿಂತೆ. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಆಕೆಯ ಹಳೇ ಕಂಪ್ಯೂಟರ್ ಕಣ್ಣು ಮುಚ್ಚಿತ್ತು. ಸೋಮವಾರ ಇನ್ನೂರು ಪುಟ ಒಪ್ಪಿಸದಿದ್ದರೆ ಆ ಕೆಲಸ ಬೇರೆಯವರ ಪಾಲಾಗುತ್ತಿತ್ತು.

ಅಂಗಡಿಯವನು ಭಾಗಗಳನ್ನು ಕೊಡುವಾಗ, ಯಾವುದನ್ನೇ ಮುಟ್ಟುವ ಮುಂಚೆ ಅರ್ಥ ಮಾಡಿಕೊಳ್ಳಿ ಎಂದಿದ್ದ. ಓದು ಬರಹ ಬಲ್ಲವರಿಗೆ ಹೇಳುವ ಮಾತೇ ಅದು? ಯಜಮಾನರು ಹಟಕ್ಕೆ ಬಿದ್ದು ಕೈಪಿಡಿಯನ್ನು ಮೂರು ಸಲ ಓದಿದರು. ಎಚ್ಚರಿಕೆಯ ಪುಟವನ್ನು ಮಾತ್ರ ಮುನ್ನುಡಿಯೆಂದು ಹಾರಿಸಿದರು. ಪೊಟ್ಟಣದಲ್ಲಿ ವೈರಿನ ಬಾಲವಿದ್ದ ಪಟ್ಟಿಯೊಂದಿತ್ತು. ಅದನ್ನು ಪುಟದ ಗುರುತಿಗೆ ಇಟ್ಟುಕೊಂಡರು.

ಒಣ ಚಳಿ ಬೇರೆ. ಉಣ್ಣೆಯ ಸ್ವೆಟರು, ಉಣ್ಣೆಯ ಕಾಲುಚೀಲ ತೊಟ್ಟು ದಪ್ಪ ಕಾರ್ಪೆಟ್ಟಿನ ಮೇಲೆ ಕಾಲೆಳೆಯುತ್ತಾ ಗತ್ತಿನಿಂದ ಓಡಾಡಿದರು. ಚಹಾ ಕೊಡಲು ಬಂದ ಹೆಂಡತಿಯ ಬೆರಳು ತಾಗಿದ್ದೇ ತಡ, ಚಟ್ ಎಂದು ಕಿಡಿ ಹಾರಿತು.

"ಏನ್ರೀ ಇದು, ಕರೆಂಟ್ ಹೊಡೀತು."

"ಮದುವೆಯಾಗಿ ಹದಿನೆಂಟು ವರ್ಷ ಆದ್ರೂ ಎಂಥಾ ಮಿಂಚು ನೋಡು!"

ಅದೇ ಮಿಂಚಿನ ಕೈಯಲ್ಲಿ ಕಂಪ್ಯೂಟರಿನ ಮೆಮೊರಿಯನ್ನು ಎತ್ತಿಕೊಂಡರು. ಮತ್ತೆ ಚಟ್! ಸಂಜೆ ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಗೇ ಇತ್ತು. ಹೆಂಡತಿಯ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಯಜಮಾನರು ಅಂಗಡಿಯ ರಸೀದಿ ಹುಡುಕತೊಡಗಿದರು.

ಭಾನುವಾರ ಇಬ್ಬರೂ ಕಂಪ್ಯೂಟರನ್ನು ಅಂಗಡಿಗೆ ಹೊತ್ತೊಯ್ದರು. ಅಂಗಡಿಯವನು ಪರೀಕ್ಷಿಸಿ, ಮೆಮೊರಿ ಸತ್ತಿದೆ ಎಂದ.

"ಅರ್ಥ್ ಮಾಡ್ಕೊಂಡು ಮುಟ್ಟಿ ಅಂದಿದ್ನಲ್ಲ ಸಾರ್?"

"ಮೂರು ಸಲ ಓದಿ ಅರ್ಥ ಮಾಡ್ಕೊಂಡೆನಪ್ಪಾ."

ಅಂಗಡಿಯವನು ತಲೆ ಚಚ್ಚಿಕೊಂಡ. ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿ, ಅದರ ವೈರನ್ನು ಕಂಪ್ಯೂಟರಿನ ಲೋಹದ ಪೆಟ್ಟಿಗೆಗೆ ಸಿಕ್ಕಿಸಿದರೆ ಮೈಮೇಲಿನ ವಿದ್ಯುತ್ತು ಹರಿದುಹೋಗುತ್ತದೆ, ಅರ್ಥ್ ಮಾಡುವುದೆಂದರೆ ಅದು ಎಂದು ಬಿಡಿಸಿ ಹೇಳಿ, ಹೊಸ ಮೆಮೊರಿ ಕೊಟ್ಟ.

ಮನೆಗೆ ಬಂದವರೇ ಹೆಂಡತಿ ಕೈಪಿಡಿಯೊಳಗಿನ ಪಟ್ಟಿಯನ್ನು ಎಳೆದು ತಮ್ಮ ಮಣಿಕಟ್ಟಿಗೇ ಕಟ್ಟಿಕೊಂಡರು. ಯಜಮಾನರನ್ನು ಬಾಗಿಲ ಬಳಿಯ ಕುರ್ಚಿಗೆ ಗಡೀಪಾರು ಮಾಡಿದರು. ಹತ್ತು ನಿಮಿಷದಲ್ಲಿ ಪರದೆ ಬೆಳಗಿತು, ಸಂಜೆಯೊಳಗೆ ಇಮೇಲಿನಲ್ಲಿದ್ದ ಇನ್ನೂರು ಪುಟಗಳೂ ಬಂದು ಕೂತವು.

ಯಜಮಾನರು ಕುರ್ಚಿಯಿಂದಲೇ ಮೀಸೆ ತಿರುವಿದರು. "ಅಂತೂ ನಾನು ಓದಿದ್ದು ವ್ಯರ್ಥ ಆಗ್ಲಿಲ್ಲ."

ಕರಡು ತಿದ್ದುವಾಕೆ ಪರದೆಯಿಂದ ಕಣ್ಣು ಕೀಳದೆಯೇ ತಿದ್ದಿದರು.

"ವ್ಯರ್ಥ ಅಲ್ಲರೀ. ಅರ್ಥ್ ಇಲ್ದೆ ಮುಟ್ಟಿದ್ರೆ ಆಗೋದಕ್ಕೆ ಅನರ್ಥ ಅಂತಾರೆ."