ಟೆರೇಸಿನ ಮೇಲೆ ಹುಳ ಹತ್ತದ ಸೋಯಾ

ಬೇರೆಯವರ ಮನೆಯಲ್ಲಿ ಬರೀ ಗಿಡ ಬೆಳೆಯುತ್ತದೆ. ನನ್ನ ಮನೆಯಲ್ಲಿ ಗಿಡದ ಜೊತೆ ಕಥೆಯೂ ಬೆಳೆಯುತ್ತದೆ. ಎಂತ ಮಾಡುವುದು, ದೊಡ್ಡ ಕೃಷಿಕರಿಗೆ ಹೀಗೆಲ್ಲ ಆಗುತ್ತಲೇ ಇರುತ್ತದೆ.

ಜೀರಿಗೆ

ಶಕ್ತಿನಗರದ ನಮ್ಮ ಟೆರೇಸಿಗೆ ಇಬ್ಬರು ಹಕ್ಕುದಾರರು. ಹೆಂಡತಿಗೆ ಅಲ್ಲಿ ಹಪ್ಪಳ ಒಣಗಿಸಬೇಕು, ನನಗೆ ಕೃಷಿ ಮಾಡಬೇಕು. ಹೋದ ವರ್ಷ, ಹಪ್ಪಳಕ್ಕೆ ಜೀರಿಗೆ ಹಾಕಿದ್ದು ರುಚಿಯಾಗಿದೆ ಎಂದು ಹೊಗಳಿದೆ. ಅವಳು ಜೀರಿಗೆ ಹಾಕಿರಲಿಲ್ಲ. ಅದು ನನ್ನ ಅಲಸಂಡೆ ಬಳ್ಳಿಯಿಂದ ಇಳಿದು ಬಂದ ಕಪ್ಪು ಹೇನು.

ಈ ವರ್ಷ ಅವಳ ಷರತ್ತು ಬಂತು: "ವಿಷ ಹೊಡೆಯುವ ಹಾಗಿಲ್ಲ. ಹುಳ ಬಂದರೆ ಗಿಡದ ಚಟ್ಟಿಗಳೆಲ್ಲ ಕೆಳಗೆ. ಟೆರೇಸ್ ಪೂರ್ತಿ ನನಗೆ."

ನಾನು ಸೋಲುವ ಜನವೇ? ಧಾರವಾಡದ ಕಡೆ ಬೀಜದ ಅಂಗಡಿ ಇಟ್ಟಿರುವ ಭಾವನಿಗೆ ಫೋನ್ ಮಾಡಿದೆ. "ಎಲೆಯಲ್ಲಿ ರೋಮ ಜಾಸ್ತಿ ಇರುವ ಸೋಯಾ ಉಂಟು ಭಾವ," ಎಂದ. "ಸಣ್ಣ ಹುಳಕ್ಕೆ ಕಾಲೂರಲಿಕ್ಕೆ ಆಗುವುದಿಲ್ಲ, ಮೂತಿ ಎಲೆಗೆ ತಾಗುವುದಿಲ್ಲ. ಗಿಡ ತನ್ನನ್ನು ತಾನೇ ನೋಡಿಕೊಳ್ಳುತ್ತದೆ."

ಈ ವಿಜ್ಞಾನವನ್ನು ನಾನೇ ಕಂಡುಹಿಡಿದ ಹಾಗೆ ಹೆಂಡತಿಗೆ ವಿವರಿಸಿದೆ. ಅವಳು ನನ್ನ ಬೋಳುತಲೆಯನ್ನು ಒಂದು ಗಳಿಗೆ ನೋಡಿದಳು.

"ಸೊಳ್ಳೆಗಳೆಲ್ಲ ನಿಮ್ಮ ತಲೆಯಲ್ಲೇ ಕೂರುವುದು ಯಾಕೆಂದು ಈಗ ಗೊತ್ತಾಯ್ತು."

ಸೊರಗಿದ ಗಿರಾಕಿ

ಎಂಟು ಚಟ್ಟಿಯಲ್ಲಿ ಸೋಯಾ ಎದ್ದು ನಿಂತಿತು. ಶಕ್ತಿನಗರದಿಂದ ಜೆಪ್ಪುವಿನ ತನಕ ಸುದ್ದಿ ಮುಟ್ಟಿಸಿದೆ. ಪಕ್ಕದ ಮನೆಯ ಯಜಮಾನರು, ಹೋಟೆಲನ್ನು ಮಕ್ಕಳಿಗೆ ಬಿಟ್ಟು ಮನೆಯಲ್ಲಿ ಕೂತವರು, ನಂಬಲಿಲ್ಲ.

"ಸೋಯಾ ಅಂದ್ರೆ ಪ್ಯಾಕೆಟಿನಲ್ಲಿ ಬರುವ ಉಂಡೆಯಲ್ವಾ? ಅದಕ್ಕೆ ಗಿಡ ಎಂತದ್ದು ಮಾರಾಯ್ರೆ?"

ಪರೀಕ್ಷೆಗೆಂದು ಅವರೇ ತಮ್ಮ ತೋಟದಿಂದ ಎರಡು ಹಸಿರು ಹುಳ ಹಿಡಿದು ತಂದರು. ಎರಡು ಬಾಟಲಿಗಳಲ್ಲಿ ಬಿಟ್ಟೆವು. ಒಂದಕ್ಕೆ ಅವರ ಅಲಸಂಡೆ ಎಲೆ, ಇನ್ನೊಂದಕ್ಕೆ ನನ್ನ ಸೋಯಾ ಎಲೆ. ವಾರ ಕಳೆದಾಗ ಅವರದು ಮದುವೆ ಮನೆಯಲ್ಲಿ ಉಂಡವರ ಹಾಗೆ ಉಬ್ಬಿತ್ತು, ನನ್ನದು ನೂಲಿನ ತುಂಡಿನಂತಿತ್ತು. ರೋಮ ದಾಟಿ ಕಚ್ಚಿದರೂ ಎಲೆಯೊಳಗಿನ ರಸ ಹುಳದ ಮೈಗೆ ಹತ್ತುವುದಿಲ್ಲವಂತೆ. ಇದೂ ಭಾವನ ಮಾತು, ಆದರೆ ಆ ದಿನ ನಾನೇ ಹೇಳಿದೆ.

ಅವರು ಬಾಟಲಿಯನ್ನು ಬೆಳಕಿಗೆ ಹಿಡಿದು ತಲೆ ಅಲ್ಲಾಡಿಸಿದರು. "ಇಷ್ಟು ವರ್ಷ ಹೋಟೆಲು ನಡೆಸಿದೆ. ಊಟ ಮಾಡಿ ಸೊರಗಿದ ಗಿರಾಕಿಯನ್ನು ಇವತ್ತೇ ನೋಡಿದ್ದು."

ಎಣ್ಣೆ

ಇಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಭಾನುವಾರ ಹೆಂಡತಿ ಗಿಡಗಳ ತಪಾಸಣೆಗೆ ಬರುವುದಿತ್ತು. ಸಾದಾ ರೋಮಕ್ಕೇ ಇಷ್ಟು ಶಕ್ತಿ ಇದ್ದರೆ, ದಟ್ಟ ರೋಮಕ್ಕೆ ಎಷ್ಟಿರಬೇಡ? ನಮ್ಮ ಊರಿನಲ್ಲಿ ಕೂದಲು ಚೆನ್ನಾಗಿ ಬರಲಿಕ್ಕೆ ಎಂತ ಹಚ್ಚುತ್ತಾರೆ? ತೆಂಗಿನೆಣ್ಣೆ. ನನ್ನ ತಲೆಯಲ್ಲಿ ಕೆಲಸವಿಲ್ಲದ ಒಂದು ಬಾಟಲಿ ಹೇಗೂ ಇತ್ತು. ಶಾಲೆಗೆ ಹೊರಟ ಮಗುವಿಗೆ ಹಚ್ಚುವ ಹಾಗೆ ಒಂದೊಂದೇ ಎಲೆಗೆ, ಅಡಿಗೂ ಮೇಲಕ್ಕೂ, ಸವರಿದೆ. ಆರು ಚಟ್ಟಿ ಮುಗಿಯುವಾಗ ಎಣ್ಣೆಯೂ ಮುಗಿಯಿತು.

ಭಾನುವಾರ ಮೇಲೆ ಹೋದೆವು. ಆರು ಗಿಡಗಳ ರೋಮ ಬಾಚಿ ಕೂರಿಸಿದ ಹಾಗೆ ಮಲಗಿತ್ತು. ಹೊಸ ಕಾಂಕ್ರೀಟ್ ರಸ್ತೆಯಲ್ಲಿ ಹೋಗುವವರಂತೆ ಹುಳಗಳು ಸಂಸಾರ ಸಮೇತ ಓಡಾಡುತ್ತಿದ್ದವು. ಎಲೆಗಳೆಲ್ಲ ನೀರುದೋಸೆಯ ಹಾಗೆ ತೂತು ತೂತು. ಕೊನೆಯ ಎರಡು ಚಟ್ಟಿಗಳಲ್ಲಿ ಮಾತ್ರ ಒಂದು ಚುಕ್ಕೆಯೂ ಇಲ್ಲ.

ಹೆಂಡತಿ ಒಂದು ಎಲೆ ಮುಟ್ಟಿದಳು, ಬೆರಳು ಮೂಸಿದಳು.

"ಈ ಎರಡಕ್ಕೆ ಎಂತ ಮಾಡಿದ್ರಿ?"

"ಎಂತದೂ ಇಲ್ಲ. ಎಣ್ಣೆ ಮುಗಿಯಿತು."

ಷರತ್ತು ಷರತ್ತೇ. ನಾನು ಗಂಭೀರವಾಗಿ ಒಂದು ಚಟ್ಟಿ ಎತ್ತಿ ಮೆಟ್ಟಿಲ ಕಡೆ ಹೊರಟೆ.

"ಅದನ್ನು ಅಲ್ಲೇ ಇಡಿ. ಹುಳ ತಡೆಯಲಿಕ್ಕೆ ಗಿಡಕ್ಕೆ ಗೊತ್ತುಂಟು. ಅದಕ್ಕೆ ತಡೆಯಲಿಕ್ಕೆ ಆಗದ್ದು ಒಂದೇ. ಕೆಳಗೆ ಹೋಗಬೇಕಾದದ್ದು ಅದು."

"ಯಾವುದು?"

"ಟೆರೇಸಿನ ಬೀಗದ ಕೈ ಕೊಡಿ."

ಈಗ ಆರೂ ಗಿಡ ಹೊಸ ಚಿಗುರು ಬಿಟ್ಟಿವೆಯಂತೆ, ಎಂಟರಲ್ಲೂ ಕಾಯಿ ಉಂಟಂತೆ. ಸಾಕಿದವ ನಾನೇ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತೇನೆ, ಕೆಳಗಿನ ಮೆಟ್ಟಿಲಿನಲ್ಲಿ ಕುಳಿತು.